ಬೀಡಿ ಕಳೆದುಕೊಂಡ ನರಿಯ ಆಶೀರ್ವಾದ

ಮೇಲ್ಹುಬ್ಬಳ್ಳಿ
ಫೆಬ್ರವರಿ ಮೂವತ್ತೊಂದು, ೨೪೧೨ (ಆ ತಿಂಗಳಿಗೆ ಕೊನೆಗೂ ನ್ಯಾಯ ಸಿಕ್ಕಿದೆ)

ಪೂರ್ವಿಕರೇ,

ಘೋರ ಅಪರಾಧವೊಂದನ್ನು ಒಪ್ಪಿಕೊಳ್ಳುತ್ತಿದ್ದೇನೆ: ಕಚೇರಿಯ ಕಪಾಟಿನ ಬೀಗ ತೆಗೆದು ಮಕ್ಕಳ ಕಾರ್ಟೂನು ನೋಡಿದೆ. ಈ ವಯಸ್ಸಿನಲ್ಲಿ, ಹಾಡಹಗಲು, ಚುರುಮುರಿ ತಿನ್ನುತ್ತಾ. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲಕ್ಕೂ ನಮ್ಮ ಕಾಲಕ್ಕೂ ನಡುವೆ ಎಷ್ಟೋ ಪದಗಳನ್ನೂ ತೊಳೆದುಬಿಟ್ಟಿದ್ದಾರೆ. ನಮ್ಮ ಅಡ್ಡಹೆಸರು 'ಹೊಗೆಸೊಪ್ಪಿನ' ಇದ್ದದ್ದು ಅಜ್ಜನ ಕಾಲಕ್ಕೇ ಬರೀ 'ಸೊಪ್ಪಿನ' ಆಯಿತು.

ನಾನು ತೊಳೆಮನೆಯಲ್ಲಿ ಕಪಾಟಿನ ಕೀಲಿ ಕಾಯುವ ನೌಕರ, ಒಳಗಿನ ಮೂಲಚಿತ್ರ ನೋಡುವ ಹಕ್ಕು ನನಗಿಲ್ಲ. ತೊಳೆಮನೆಯೆಂದರೆ ಹಳೆಯ ಕಾರ್ಟೂನುಗಳಿಂದ ಬೀಡಿ, ಸಿಗರೇಟು, ಚುಟ್ಟಾ ಅಳಿಸುವ ಇಲಾಖೆ. ನೀವು ಶುರುಮಾಡಿದ್ದನ್ನು ನಾವು ಮುಗಿಸುತ್ತಿದ್ದೇವೆ. ಕರಡಿಯ ತಲೆಗೆ ಬೀಳುವ ಸುತ್ತಿಗೆ, ಬಾಲಕ್ಕೆ ಕಟ್ಟಿದ ಸಿಡಿಮದ್ದು, ಇವಕ್ಕೆಲ್ಲ ಅಭ್ಯಂತರವಿಲ್ಲ. ಕರಡಿ ಸಾಯಬಹುದು, ಕೆಮ್ಮಬಾರದು.

ನಮ್ಮದೊಂದು ಸಂಪ್ರದಾಯ ಹೇಳಬೇಕು. ನಾಮಕರಣದಲ್ಲಿ, ಲಗ್ನದಲ್ಲಿ ಹಿರಿಯರು ಎರಡು ಬೆರಳನ್ನು ತುಟಿಗಿಟ್ಟು, ಕಣ್ಣು ಅರೆಮುಚ್ಚಿ, ನಿಧಾನಕ್ಕೆ ಉಸಿರು ಊದಿ ಹರಸುತ್ತಾರೆ. ಇದು 'ಉಸಿರುಹರಕೆ'. ತೊಳೆದ ಹಳೆಯ ಕಾರ್ಟೂನೊಂದರಲ್ಲಿ ಮುದಿ ನರಿಯೂ ಹಾಗೇ ಮಾಡುತ್ತದೆ. ಪ್ರಾಚೀನರ ಜ್ಞಾನಮುದ್ರೆಯೆಂದು ಶಾಲೆಯಲ್ಲಿ ಕಲಿಸುತ್ತಾರೆ. ಮೊಮ್ಮಗಳ ತೊಟ್ಟಿಲಿನ ಮುಂದೆ ನಾನೂ ಭಕ್ತಿಯಿಂದ ಊದಿದ್ದೇನೆ.

ಕಪಾಟಿನಲ್ಲಿದ್ದದ್ದು ಇನ್ನೂ ತೊಳೆಯದ ಕಟ್ಟಕಡೆಯ ಮೂಲಚಿತ್ರ. ಅದರಲ್ಲಿ ಅದೇ ನರಿಯ ಬೆರಳ ಸಂದಿಯಲ್ಲಿ ಬೀಡಿ! ಸೇದಿ, ಹೊಗೆ ಬಿಟ್ಟು, ಬೂದಿ ಕೊಡವುತ್ತಿತ್ತು.

ಚುರುಮುರಿ ಬದಿಗಿಟ್ಟೆ. ನಾಲ್ಕು ಶತಮಾನದ ಸಂಸ್ಕೃತಿ ಇಷ್ಟೇನೇ? ಬೆಂಕಿಯಿಲ್ಲದೆ ಹೊಗೆಯಾಡದು ಎನ್ನುತ್ತಿದ್ದಿರಂತೆ. ನಮ್ಮಲ್ಲಿ ಎರಡೂ ಹೋಗಿ ಊದಾಟವೊಂದೇ ಉಳಿದಿದೆ! ಮನೆಗೆ ಹೋಗಿ ಹೆಂಡತಿ ನೀಲವ್ವನಿಗೆ ಹೇಳಿದೆ. “ಅಯ್ಯ ಶಿವನ! ಹಂಗಾರ ನಮ್ಮ ಲಗ್ನದಾಗ ನಿಮ್ಮಪ್ಪಾರು ನನ್ನ ಮಾರಿಗೆ ಬೀಡಿ ಸೇದಿದ್ರೇನ್ರೀ?”

ಮರುದಿನ ಆ ಚಿತ್ರವನ್ನೂ ತೊಳೆಯುವುದಿತ್ತು. ಅದೊಂದನ್ನಾದರೂ ಉಳಿಸಿ, ನಾವೇನು ಊದುತ್ತಿದ್ದೇವೆಂದು ಮಕ್ಕಳಿಗೆ ಗೊತ್ತಾಗಲಿ ಎಂದು ತೊಳೆಮನೆಯ ಮಂಡಳಿಯ ಮುಂದೆ ನಿಂತೆ.

“ನೋಡಿದ ಹುಡುಗ್ರು ಕೆಡ್ತಾವ್ರೀ,” ಎಂದರು ಅಧ್ಯಕ್ಷೆ ಶಾಂತಕ್ಕ.

“ನಾನ ನೋಡೀನಲ್ರೀ ಅಕ್ಕಾರ, ಏನಾತು? ಕಲ್ಲು ಇದ್ದಂಗ ಅದೀನಿ!” ಎಂದು ಎದೆ ತಟ್ಟಿಕೊಂಡೆ. ಚಿತ್ರ ನೋಡಿ ಯಾರೂ ಕೆಡುವುದಿಲ್ಲ, ಅದಕ್ಕೆ ನಾನೇ ಸಾಕ್ಷಿ ಎಂದು ಮಾತು ಮುಂದುವರಿಸಿದೆ. ಸಭೆ ತಲೆದೂಗಿತು.

ಆದರೂ ಚಿತ್ರ ಉಳಿಯಲಿಲ್ಲ. ನಿಮ್ಮಲ್ಲಿ ಇನ್ನೂ ಇದ್ದರೆ ಬೀಡಿಯ ಸಮೇತ ಕಾಪಾಡಿ. ಮಗುವಿನ ಪಕ್ಕ ಕೂತು ನೋಡಿ, ಇದು ಕೆಟ್ಟದ್ದೆಂದು ಬಾಯಿಬಿಟ್ಟು ಹೇಳಿ. ಅಳಿಸಬೇಡಿ.

ನಮ್ಮದೇಕೆ ಉಳಿಯಲಿಲ್ಲ ಎಂದರೆ, ತಲೆದೂಗುತ್ತಿದ್ದವರೆಲ್ಲ ಒಮ್ಮೆಲೇ ನನ್ನ ಕೈಯನ್ನೇ ದಿಟ್ಟಿಸತೊಡಗಿದರು. ನಾನೂ ನೋಡಿಕೊಂಡೆ. ವಾದದ ಭರದಲ್ಲಿ ಶಾಂತಕ್ಕನ ಪೆನ್ಸಿಲನ್ನು ಬೆರಳಿಗೆ ಸಿಕ್ಕಿಸಿ, ಜೋರಾಗಿ ಒಂದು ದಮ್ಮು ಎಳೆದು, ಇಲ್ಲದ ಬೂದಿಯನ್ನು ಅವರ ಚಹಾ ಕಪ್ಪಿನ ಬಸಿಗೆ ಕೊಡವುತ್ತಿದ್ದೆ.