ಅಜ್ಜಿಯ ಕೈಗೆ ಒಪ್ಪುವ ಪಿಸ್ತೂಲು

ಡಗ್ಲಸ್, ವಯೋಮಿಂಗ್
ಏಪ್ರಿಲ್ 27, ಭಾನುವಾರ ಮಧ್ಯಾಹ್ನ

ನನ್ನ ಮುದ್ದು ಡಾರ್ಸಿಗೆ,

ಹೇಗಿದ್ದೀಯ ಪುಟ್ಟಿ? ಹೊಟ್ಟೆಗೆ ಸರಿಯಾಗಿ ಹಾಕುತ್ತಾರೆಯೇ, ಇಲ್ಲ ಬರೀ ಓಡಿಸುತ್ತಾರೆಯೇ? ಬೂಟು ಕಚ್ಚಿ ಹಿಮ್ಮಡಿಯಲ್ಲಿ ಗುಳ್ಳೆ ಎದ್ದಿದೆ ಎಂದು ಬರೆದಿದ್ದೆ. ಅದನ್ನು ಸೂಜಿಯಿಂದ ಚುಚ್ಚಬೇಡ, ತಾನಾಗಿ ಒಣಗಲಿ. ಆ ಸಾರ್ಜೆಂಟಮ್ಮ ಇನ್ನೂ ಕಿವಿಯ ಹತ್ತಿರ ಬಂದು ಕಿರುಚುತ್ತಾಳೆಯೇ? ಕಿರುಚಲಿ ಬಿಡು. ಶಾಲೆಯ ಬಸ್ಸು ಓಡಿಸುತ್ತಿದ್ದಾಗ ನಾನೂ ಹಾಗೆಯೇ ಕಿರುಚುತ್ತಿದ್ದೆ, ಮನಸ್ಸಿನಲ್ಲಿ ಏನೂ ಇರುತ್ತಿರಲಿಲ್ಲ. ಸೌತ್ ಕ್ಯಾರೊಲಿನಾದಲ್ಲಿ ಆಗಲೇ ಬೆವರುತ್ತಿದ್ದೀರಂತೆ. ಇಲ್ಲಿ ನಿನ್ನೆ ಮತ್ತೆ ಹಿಮ ಬಿತ್ತು, ಗಾಳಿಗಂತೂ ಹುಚ್ಚು ಹಿಡಿದಿದೆ. ನಿನ್ನ ಗ್ಲೆನ್ ಮಾವನ ಹಸುಗಳು ಬೇಕೆಂದೇ ಇಂಥ ದಿನ ನೋಡಿ ಕರು ಹಾಕುತ್ತವೆ, ಅವನ ಮುಖ ನೋಡುವಂತಿಲ್ಲ. ನಿನ್ನಮ್ಮ ನನ್ನ ಜೊತೆಯಲ್ಲೇ ಇದ್ದಾಳೆ. ಗಾಳಿ ಬದಲಾವಣೆಗೆಂದು ಬಂದವಳು, ಇದ್ದರೆ ಇರಲಿ. ನನ್ನ ಕೈಗಳ ವಿಷಯ ಮಾತ್ರ ಕೇಳಬೇಡ. ನೀನು ಕೇಳದಿದ್ದರೂ ಹೇಳುತ್ತೇನೆ, ಈ ಪತ್ರ ಬರೆಯುತ್ತಿರುವುದೇ ಅದನ್ನು ತೋಡಿಕೊಳ್ಳುವುದಕ್ಕೆ.

ತಪ್ಪು ನಿನ್ನದೇ ಎಂದು ಮೊದಲು ಹೇಳಿಬಿಡುತ್ತೇನೆ. ಚರ್ಚು ಮುಗಿಸಿ ಜಲ್ಲಿ ಹೊಂಡದ ಹತ್ತಿರ ಗುರಿ ಹೊಡೆಯಲು ಹೋಗುತ್ತಿದ್ದೆವಲ್ಲ, ಆಗೆಲ್ಲ ನೀನು "ಅಜ್ಜಿ, ಕೊಡು ಇಲ್ಲಿ" ಎಂದು ಪಿಸ್ತೂಲು ಕಸಿದುಕೊಂಡು ಗುಂಡು ತುಂಬಿ, ಕೊಳವೆಯ ಮೇಲೆ ಜಾರುವ ಸ್ಲೈಡನ್ನು ಹಿಂದಕ್ಕೆಳೆದು ಸಿದ್ಧಮಾಡಿ ನನ್ನ ಕೈಗಿಡುತ್ತಿದ್ದೆ. ನಾನು ಮಹಾರಾಣಿಯಂತೆ ಡಬ್ಬಿಗಳಿಗೆ ಹೊಡೆದು ಮನೆಗೆ ಬರುತ್ತಿದ್ದೆ. ನನ್ನ ಕೈ ಇನ್ನೂ ಗಟ್ಟಿ ಎಂದು ನಂಬಿಕೊಂಡಿದ್ದೆ! ನೀನು ಸೈನ್ಯಕ್ಕೆ ಹೊರಟ ಮೇಲೆ ಒಂದು ದಿನ ತಾತ ಕೊಡಿಸಿದ ಆ ಪಿಸ್ತೂಲು ತೆಗೆದು ಸ್ಲೈಡು ಎಳೆದೆ. ಅದು ಅಲುಗಲಿಲ್ಲ. ಟವೆಲ್ಲು ಸುತ್ತಿಕೊಂಡು ಎಳೆದೆ. ಎರಡು ಮೊಣಕಾಲಿನ ನಡುವೆ ಸಿಕ್ಕಿಸಿಕೊಂಡು ಎಳೆದೆ. ಹೆಬ್ಬೆರಳ ಬುಡದಲ್ಲಿ ಕೆಂಡವಿಟ್ಟ ಹಾಗಾಯಿತೇ ಹೊರತು ಅದು ಜಪ್ಪಯ್ಯ ಎನ್ನಲಿಲ್ಲ. ಹಿಡಿಯೊಳಗೆ ಕೂರುವ ಮ್ಯಾಗಜೀನ್ ಡಬ್ಬಿಗೆ ಗುಂಡು ತುಂಬಲು ಕುಳಿತರೆ ಎರಡನೆಯ ಗುಂಡಿಗೇ ಸ್ಪ್ರಿಂಗು ನನ್ನನ್ನು ನೋಡಿ ನಕ್ಕಿತು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎನ್ನುವುದು ಇದಕ್ಕೇ.

ಸರಿ, ನನ್ನ ಕೈಗೆ ಒಪ್ಪುವಂಥದ್ದು, ಕೋಟಿನೊಳಗೆ ಯಾರಿಗೂ ಕಾಣದ ಹಾಗೆ ಇಟ್ಟುಕೊಳ್ಳುವಂಥದ್ದು ಒಂದನ್ನು ಕೊಳ್ಳೋಣವೆಂದು ಊರಿನ ಅಂಗಡಿಗೆ ಹೋದೆ. ಅಲ್ಲಿರುವ ಮೀಸೆಯವನು ನಿನಗೆ ಗೊತ್ತಲ್ಲ, ತುದಿಗೆ ಮೇಣ ಹಚ್ಚಿ ತಿರುವುವವನು. "ಬನ್ನಿ ತರುಣಿ, ಏನ್ ಬೇಕಿತ್ತು?" ಎಂದ. ಎಪ್ಪತ್ತಮೂರು ವರ್ಷದವಳನ್ನು ತರುಣಿ ಎನ್ನುವವನ ಕೈಯಿಂದ ಬ್ರೆಡ್ಡು ಕೂಡ ಕೊಳ್ಳಬಾರದು. ನಾನು ಸಂಧಿವಾತದ ಮಾತೆತ್ತುವಷ್ಟರಲ್ಲೇ ಗಾಜಿನ ಕೆಳಗಿಂದ ಪುಟ್ಟ ರಿವಾಲ್ವರೊಂದನ್ನು ತೆಗೆದಿಟ್ಟ. ಬಣ್ಣ ನೇರಳೆ, ಹಕ್ಕಿಯ ಗರಿಯಷ್ಟು ಹಗುರ. "ಹೆಂಗಸರಿಗೆಲ್ಲ ಇದೇ ಕಣಮ್ಮಾ. ಎಳೆಯೋದು ಗಿಳೆಯೋದು ಏನೂ ಇಲ್ಲ, ಟ್ರಿಗರ್ ಒತ್ತಿದ್ರೆ ಆಯ್ತು." ಖಾಲಿ ಇದೆಯೆಂದು ನಾನೇ ತೆರೆದು ನೋಡಿ, ಗೋಡೆಯ ಕಡೆ ತಿರುಗಿಸಿ ಟ್ರಿಗರ್ ಒತ್ತಿದೆ. ಒತ್ತಿದೆ ಎಂದು ಬರೆದೆ, ಒತ್ತಲಿಲ್ಲ. ಒಂದು ಬೆರಳಿಗೆ ಅದು ಬಗ್ಗಲಿಲ್ಲ. ಎರಡು ಬೆರಳು ಹಾಕಿ ಹಿಂಡಿದಾಗ ಕೊಳವೆ ಗೋಡೆ ಬಿಟ್ಟು ಅಲ್ಲಿ ನೇತುಹಾಕಿದ್ದ ಕಡವೆಯ ತಲೆಯನ್ನು ನೋಡುತ್ತಿತ್ತು. "ಅಭ್ಯಾಸ ಆಗುತ್ತೆ" ಎಂದ. ಅಷ್ಟು ಹಗುರದ್ದರಲ್ಲಿ ಗುಂಡು ಹಾರಿದರೆ ಒದೆತವೆಲ್ಲ ನೇರ ಗೆಣ್ಣಿಗೇ ಅಲ್ಲವೇನಯ್ಯಾ ಎಂದು ಕೇಳಿದ್ದಕ್ಕೆ, "ಐದು ಗುಂಡು ತಾನೆ, ತಡ್ಕೋಬಹುದು" ಎಂದ. ಯಾರ ಕೈಯಿಂದ ತಡೆದುಕೊಳ್ಳುವುದು, ಅವನ ಕೈಯಿಂದಲೇ?

ಬೈದುಕೊಂಡು ಗ್ಲೆನ್‌ಗೆ ಹೇಳಿದೆ. ಹೇಳಬಾರದಿತ್ತು. ನಿನ್ನ ಮಾವನಿಗೆ ನನ್ನ ಕಷ್ಟಕ್ಕೆಲ್ಲ ಇರುವುದು ಒಂದೇ ಔಷಧಿ. "ಅಮ್ಮಾ, ಆ ಮನೆ ಬಿಟ್ಟು ಪೇಟೆಗೆ ಬಾ ಅಂದ್ರೆ ಕೇಳಲ್ಲ. ಮಾತ್ರೆ ಡಬ್ಬಿ ಮುಚ್ಚಳ ತೆಗೆಯೋಕೆ ನನ್ನ ಕರೀತೀಯ, ನಿನಗ್ಯಾಕೆ ಬೇಕು ಪಿಸ್ತೂಲು? ಒಂದು ನಾಯಿ ಸಾಕು." ಹೋದ ಸಲ ಕರೆದದ್ದಕ್ಕೆ ಅವನು ಎರಡು ದಿನ ಬಿಟ್ಟು ಬಂದ ಎಂದು ನೆನಪಿಸಿದೆ. ಅದಕ್ಕೆ ಹಸು ಕರು ಹಾಕುತ್ತಿತ್ತು ಎಂದ. ಅವನ ಹಸುಗಳು ವರ್ಷವಿಡೀ ಕರು ಹಾಕುತ್ತಲೇ ಇರುತ್ತವೆ, ಗಮನಿಸಿದ್ದೀಯ? ಆಮೇಲೆ ಇಸ್ಪೀಟಿನ ಗುಂಪಿನ ಮೇವಿಸ್ ಬಂದಳು. ಅವಳ ಬೆರಳುಗಳು ನನ್ನವಕ್ಕಿಂತ ಸೊಟ್ಟ, ನಾಲಿಗೆ ಮಾತ್ರ ನೆಟ್ಟಗೆ. ಖಾರದ ಚಿಲ್ಲಿ ಸಾರಿಗೆ ದಾಲ್ಚಿನ್ನಿ ರೋಲು ಅದ್ದಿ ತಿನ್ನುತ್ತಾ, ಕೈಚೀಲದಿಂದ ತನ್ನ ಪುಟಾಣಿಯನ್ನು ತೆಗೆದು, ಖಾಲಿಮಾಡಿ ಮೇಜಿನ ಮೇಲಿಟ್ಟಳು. ಸ್ಲೈಡು ಎಳೆಯುವುದೇ ಬೇಡ. ಪಕ್ಕದ ಪುಟ್ಟ ಗುಂಡಿ ಒತ್ತಿದರೆ ಕೊಳವೆ ಮೇಲಕ್ಕೇಳುತ್ತದೆ, ಗುಂಡನ್ನು ಬೆರಳಲ್ಲೇ ಒಳಗಿಟ್ಟು ಮುಚ್ಚುವುದು. ಹೊಟ್ಟೆಕಿಚ್ಚಾಯಿತು. "ಅರ್ಡಿತ್, ಇದನ್ನ ಒಯ್ಯಿ, ಒಂದು ವಾರ ಇಟ್ಕೊ" ಎಂದಳು. ಒಯ್ದೆ. ಆದರೆ ಅದರ ಹಿಡಿ ಎಷ್ಟು ಚಿಕ್ಕದೆಂದರೆ ನನ್ನ ಕಿರುಬೆರಳಿಗೂ ಉಂಗುರದ ಬೆರಳಿಗೂ ಜಾಗವೇ ಇಲ್ಲ, ಅವು ಗಾಳಿಯಲ್ಲಿ ತೂಗಾಡುತ್ತವೆ. ಮೇವಿಸಳ ಕೈ ಗುಬ್ಬಿಯ ಕಾಲು, ನನ್ನದು ಬಸ್ಸಿನ ಚಕ್ರ ತಿರುವಿದ ಕೈ. ಜಲ್ಲಿ ಹೊಂಡದಲ್ಲಿ ಡಬ್ಬಿಗೆ ಗುರಿಯಿಟ್ಟರೆ ಗುಂಡು ಬೇಲಿಯ ಕಡೆ ಹೋಯಿತು. ಅವಳಿಗದು ಸರಿ, ನನಗಲ್ಲ. ಹಿಂದಿರುಗಿಸಿದ್ದಕ್ಕೆ ಮುಖ ಊದಿಸಿಕೊಂಡಿದ್ದಾಳೆ. ಪಿಸ್ತೂಲು ಬೇಡವೆಂದರೆ ಅವಳ ಮಗಳನ್ನು ಸೊಸೆಯಾಗಿ ಬೇಡವೆಂದ ಹಾಗೆ ಆಡುತ್ತಾಳೆ.

ಕೊನೆಗೆ ನಿನ್ನಮ್ಮನೇ, "ಅಮ್ಮಾ, ಎಲ್ಲರ ಮಾತು ಕೇಳಿದ್ದು ಸಾಕು, ಕಾರು ಹತ್ತು" ಎಂದು ಕ್ಯಾಸ್ಪರ್‌ಗೆ ಕರೆದುಕೊಂಡು ಹೋದಳು. ಅಲ್ಲಿ ದೊಡ್ಡ ಅಂಗಡಿ, ಹಿಂದುಗಡೆಯೇ ಗುರಿ ಹೊಡೆಯುವ ಕೋಣೆ. ಕೊಳ್ಳುವ ಮೊದಲು ಬಾಡಿಗೆಗೆ ಪಡೆದು ಹಾರಿಸಿ ನೋಡಬಹುದು. ಇಷ್ಟು ದಿನ ಯಾರೂ ಇದನ್ನು ಬಾಯಿಬಿಟ್ಟು ಹೇಳಿರಲಿಲ್ಲ! ಒಂದೊಂದಾಗಿ ನೋಡುತ್ತಾ ಹೋದೆ. ಒಂದರ ಸ್ಲೈಡು ಸುಲಭ, ಆದರೆ ಮ್ಯಾಗಜೀನ್ ಬಿಡಿಸುವ ಗುಂಡಿ ಕಲ್ಲು. ಒಂದರಲ್ಲಿ ಎಲ್ಲವೂ ಸರಿ, ಆದರೆ ಒದೆತಕ್ಕೆ ಮಣಿಕಟ್ಟು ಮೊಳಕೈವರೆಗೂ ಜುಂ ಎಂದಿತು. ಆಮೇಲೆ ತಿಳಿಯಿತು ನೋಡು, ನಾವೆಲ್ಲ ಹುಡುಕಿದ್ದೇ ತಲೆಕೆಳಗು. ಕೈ ನೋಯುವವರಿಗೆ ಚಿಕ್ಕದು, ಹಗುರದ್ದು ಎಂದು ಎಲ್ಲರೂ ತಂದು ತಂದು ತೋರಿಸುತ್ತಾರಲ್ಲ, ಬೇಕಾದದ್ದು ಕೊಂಚ ದೊಡ್ಡದು, ಕೊಂಚ ಭಾರದ್ದು, ಒಳಗಿನ ಗುಂಡು ಮಾತ್ರ ಕಡಿಮೆ ಶಕ್ತಿಯದು. ಭಾರವೇ ಅರ್ಧ ಒದೆತವನ್ನು ನುಂಗಿಬಿಡುತ್ತದೆ. ಮುನ್ನೂರೆಂಬತ್ತು ಎಂಬ ಸಣ್ಣ ಗುಂಡಿನ ಅಂಥದ್ದೊಂದು ಪಿಸ್ತೂಲು ಸಿಕ್ಕಿತು. ಸ್ಲೈಡನ್ನು ಬೆರಳ ತುದಿಯಿಂದ ಚಿವುಟದೆ ಇಡೀ ಅಂಗೈಯಿಂದ ಮುಚ್ಚಿ ಹಿಡಿದುಕೊಂಡು, ಇನ್ನೊಂದು ಕೈಯಿಂದ ಪಿಸ್ತೂಲನ್ನೇ ಮುಂದಕ್ಕೆ ನೂಕಿದೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು. ಅಲ್ಲೇ ಕಣ್ಣಲ್ಲಿ ನೀರು ಬಂತು ಮಗಳೇ, ಯಾರಿಗೂ ಹೇಳಬೇಡ. ಒಂದು ಪೆಟ್ಟಿಗೆ ಗುಂಡು ಮುಗಿಸಿ ಗುರಿಗಿಟ್ಟ ಮನುಷ್ಯಾಕಾರದ ಕಾಗದ ನೋಡಿದರೆ ಎಲ್ಲವೂ ಎದೆಯ ಜಾಗದಲ್ಲಿ, ನನ್ನ ಮುಷ್ಟಿಯಷ್ಟು ಅಗಲದೊಳಗೆ. ನಿನ್ನಮ್ಮ "ಅಯ್ಯೋ, ಇನ್ಮೇಲೆ ನಿನ್ನ ಜೊತೆ ಜಗಳ ಆಡಲ್ಲ" ಎಂದು ನಕ್ಕಳು. ಅವಳು ನಗುವುದು ಕೇಳಿ ಎಷ್ಟೋ ಕಾಲವಾಗಿತ್ತು.

ಮುಗಿಯಿತು ಎಂದುಕೊಂಡೆಯಾ? ಎಲ್ಲಿಂದ! ಮನೆಗೆ ತಂದರೆ ಪಿಸ್ತೂಲು ಇಡುವ ಒರೆ ಇದ್ದದ್ದು ಗಟ್ಟಿ ಪ್ಲಾಸ್ಟಿಕ್ಕಿನ ಹೊದಿಕೆಯೊಳಗೆ. ಕತ್ತರಿ ಹಿಡಿಯಲಾರದವಳಿಗಾಗಿ ಮಾಡಿದ ಒರೆಯನ್ನು ಕತ್ತರಿಯಿಲ್ಲದೆ ತೆಗೆಯುವ ಹಾಗಿಲ್ಲ. ಸೊಂಟಕ್ಕೆ ಕಟ್ಟಿದರೆ ಕಾರಿನಲ್ಲಿ ಕೂರಲು ಬರುವುದಿಲ್ಲ. ಪಿಸ್ತೂಲಿಗೆಂದೇ ಮಾಡಿದ ಕೈಚೀಲ ಕೊಂಡರೆ ಅದರ ಜಿಪ್ಪು ನನ್ನ ಕೈಗೆ ಸಿಗುವುದಿಲ್ಲ. ಕಳ್ಳನೇ ಬಂದರೂ, "ಸ್ವಲ್ಪ ಈ ಜಿಪ್ಪು ಎಳೆಯಪ್ಪಾ" ಎನ್ನಬೇಕಿತ್ತು. ಕೊನೆಗೆ ಕೊಟ್ಟಿಗೆಗೆ ಹಾಕಿಕೊಳ್ಳುವ ದಪ್ಪ ಕೋಟಿನ ಬಲ ಜೇಬಿನ ಒಳಗೆ ಒರೆಯನ್ನು ಹೊಲಿಸಿದೆ. ನಿನ್ನಮ್ಮನೇ ಹೊಲಿದಳು, ಒಂದಿಷ್ಟು ಸೊಟ್ಟ ಬಂದಿದೆ. ಆ ಜೇಬಿಗೆ ಬೀಗದ ಕೈ, ಕರವಸ್ತ್ರ ಏನೂ ಹಾಕುವುದಿಲ್ಲ, ಟ್ರಿಗರಿಗೆ ಏನೂ ತಗಲಬಾರದಲ್ಲ. ಮ್ಯಾಗಜೀನಿಗೆ ಗುಂಡು ತುಂಬಲು ಪ್ಲಾಸ್ಟಿಕ್ಕಿನ ಸಣ್ಣ ಸಾಧನವೊಂದು ಬರುತ್ತದೆ, ಅದು ನಿನ್ನಷ್ಟು ಚುರುಕಲ್ಲ, ನಿನ್ನ ಹಾಗೆ ಎದುರು ಮಾತನಾಡುವುದೂ ಇಲ್ಲ. ಹೀಗೆ ಅಂತೂ ಇಂತೂ ನಿನ್ನ ಅಜ್ಜಿ ಸಜ್ಜಾಗಿದ್ದಾಳೆ. ಈ ವಯಸ್ಸಿನಲ್ಲಿ ಇದೆಲ್ಲ ಈಗಲೇ ಯಾಕೆ ಎಂದು ಊರೆಲ್ಲ ಕೇಳುತ್ತದೆ. ದಾರಿಯಲ್ಲಿ ಬೀಡಾಡಿ ನಾಯಿಗಳು ಹೆಚ್ಚಾಗಿವೆ ಎನ್ನುತ್ತೇನೆ. ನೀನೂ ಹಾಗೆಂದೇ ತಿಳಿದುಕೊ.

ಸಾಕು, ಬೆರಳು ಸೆಟೆದುಕೊಳ್ಳುತ್ತಿವೆ. ಚೆನ್ನಾಗಿ ತಿನ್ನು, ಸಿಕ್ಕಷ್ಟು ನಿದ್ದೆ ಮಾಡು, ಕಾಲುಚೀಲ ಒದ್ದೆಯಾದರೆ ಕೂಡಲೇ ಬದಲಾಯಿಸು. ಮೇವಿಸ್ ಮುನಿಸಿನ ನಡುವೆಯೂ ನಿನ್ನನ್ನು ಕೇಳಿದ್ದಾಳೆ. ಗ್ಲೆನ್ ಮಾವ ಒಂದು ಕರುವಿಗೆ ನಿನ್ನ ಹೆಸರಿಟ್ಟಿದ್ದಾನೆ, ಹಟಮಾರಿ ಅಂತೆ. ದೇವರು ನಿನ್ನ ತಲೆಯ ಮೇಲೆ ಕೈಯಿಟ್ಟು ಕಾಯಲಿ.

ನಿನ್ನ ಪ್ರೀತಿಯ
ಅರ್ಡಿತ್ ಅಜ್ಜಿ

ಮರೆತ ಮಾತು: ಮರೆತದ್ದಲ್ಲ. ಲಕೋಟೆ ಅಂಟಿಸಿ ಮತ್ತೆ ಹರಿದಿದ್ದೇನೆ. ನಿನ್ನಮ್ಮ ಬರೆಯಬೇಡ ಎಂದು ಆಣೆ ಹಾಕಿಸಿದ್ದಳು, ನೀನು ತರಬೇತಿ ಬಿಟ್ಟು ಓಡಿ ಬರುತ್ತೀಯೆಂದು ಅವಳ ಹೆದರಿಕೆ. ಆದರೆ ಬೇರೆ ಯಾರಿಂದಲೋ ಕೇಳಿದರೆ ನೀನು ನನ್ನನ್ನು ಜನ್ಮದಲ್ಲಿ ನಂಬುವುದಿಲ್ಲ. ನಾಯಿಗಳೂ ಇಲ್ಲ, ಗಾಳಿ ಬದಲಾವಣೆಯೂ ಇಲ್ಲ. ನೀನು ಹೊರಟ ಮರುವಾರವೇ ಡೆಲ್ ಅವಳ ಮೇಲೆ ಕೈ ಮಾಡಿದ. ನಿನ್ನ ಮಲತಂದೆಗೆ ನೀನು ಮನೆಯಲ್ಲಿದ್ದಷ್ಟು ದಿನ ಸ್ವಲ್ಪ ಅಂಜಿಕೆಯಿತ್ತು ಎಂದು ಈಗ ಹೇಳುತ್ತಾಳೆ. ಉಟ್ಟ ಬಟ್ಟೆಯಲ್ಲೇ ನನ್ನ ಬಾಗಿಲಿಗೆ ಬಂದಳು. ಮೊನ್ನೆ ಗುರುವಾರ ಸಂಜೆ ಅವನೂ ಬಂದ. ನಾನು ಆ ಕೋಟು ಹಾಕಿಕೊಂಡು ಮೆಟ್ಟಿಲ ಮೇಲೆ ನಿಂತೆ. "ರೊಂಡಾ, ನಾಟಕ ಸಾಕು, ಗಾಡಿ ಹತ್ತು" ಎಂದು ನಿನ್ನಮ್ಮನನ್ನು ಕೂಗಿದ. "ಡೆಲ್, ನನ್ನ ಅಂಗಳ ಬಿಟ್ಟು ಹೊರಡು" ಎಂದೆ. "ಉಪ್ಪಿನಕಾಯಿ ಬಾಟಲಿ ತೆಗೆಯೋಕಾಗದ ಕೈ ನಿಮ್ಮದು, ಏನ್ ಮಾಡ್ತೀರಿ ಅತ್ತೆ?" ಎಂದು ನಕ್ಕ. ನನ್ನ ಬಲಗೈ ಜೇಬಿನಲ್ಲಿತ್ತು. ಅವನು ಆ ಜೇಬನ್ನು ನೋಡಿದ, ನಗು ನಿಂತಿತು. ಅಷ್ಟರಲ್ಲಿ ಒಳಗೇ ಇರು ಎಂದರೂ ಕೇಳದೆ ನಿನ್ನಮ್ಮ ನನ್ನ ಪಕ್ಕಕ್ಕೆ ಬಂದು ನಿಂತಳು. "ನಾನು ಬರಲ್ಲ ಡೆಲ್. ಶೆರಿಫ್‌ಗೆ ಫೋನ್ ಮಾಡಾಯ್ತು" ಎಂದಳು. ದನಿ ನಡುಗುತ್ತಿತ್ತು, ಆದರೆ ಎರಡು ಸಲ ಹೇಳಿದಳು. ಅವನು ನಮ್ಮ ಅಂಚೆ ಡಬ್ಬಿಯನ್ನು ಒದ್ದು ಉರುಳಿಸಿ ಗಾಡಿ ಹತ್ತಿದ. ಪಿಸ್ತೂಲು ಜೇಬಿನಿಂದ ಹೊರಗೆ ಬರಲಿಲ್ಲ ಪುಟ್ಟಿ, ಬರಬೇಕಾಗಲಿಲ್ಲ. ಇಲ್ಲದ್ದನ್ನೆಲ್ಲ ಕಲ್ಪಿಸಿಕೊಂಡು ಹೆದರಬೇಡ. ಆಮೇಲೆ ನನ್ನ ಬೆರಳುಗಳು ಬಿಚ್ಚಲೇ ಇಲ್ಲ, ಬಿಸಿನೀರಿನಲ್ಲಿಟ್ಟು ಒಂದೊಂದಾಗಿ ಬಿಡಿಸಿದ್ದು ನಿನ್ನಮ್ಮ. ಅವನು ಇವಳ ಹತ್ತಿರ ಸುಳಿಯಕೂಡದೆಂದು ನ್ಯಾಯಾಧೀಶರು ಶುಕ್ರವಾರ ಆಜ್ಞೆ ಮಾಡಿದ್ದಾರೆ, ಗ್ಲೆನ್ ರಾತ್ರಿಯೆಲ್ಲ ಇಲ್ಲಿಯೇ ಮಲಗುತ್ತಾನೆ, ಕರು ಹುಟ್ಟಿದರೂ ಸರಿಯಂತೆ.

ಆದ್ದರಿಂದ ನೀನು ಬರಬೇಡ, ಅಲ್ಲೇ ಇದ್ದು ಮುಗಿಸು. ತರಬೇತಿ ಮುಗಿಯುವ ದಿನದ ನಿನ್ನ ಪೆರೇಡಿಗೆ ನಾವಿಬ್ಬರೂ ಬರುತ್ತೇವೆ, ಅಷ್ಟು ದೂರವೂ ಕಾರು ತಾನೇ ಓಡಿಸುತ್ತೇನೆಂದು ನಿನ್ನಮ್ಮ ಹಟ ಹಿಡಿದಿದ್ದಾಳೆ. ಎಲ್ಲರೆದುರು ಅವಳನ್ನು ಏನೂ ಕೇಳಬೇಡ. ಅವಳ ಎಡಪಕ್ಕೆಯ ಎಲುಬು ಇನ್ನೂ ಸರಿಯಾಗಿ ಕೂಡಿಲ್ಲ. ಬಲಗಡೆಯಿಂದ ಬಂದು ತಬ್ಬಿಕೊ.