ಬಟ್ಟೆ ಹೊದೆಸಿಟ್ಟ ಕಂಪ್ಯೂಟರ್

ಮಣಿಪಾಲ
12-8-2004

ಅಪ್ಪನಿಗೆ ನಮಸ್ಕಾರ.

ಅಂಗಡಿಯಲ್ಲಿ ಒಬ್ಬ ಗಿರಾಕಿಗೆ ಹೊಸ ಕಂಪ್ಯೂಟರ್ ಜೋಡಿಸಿದೆವು, ಶುರುವಾಗಲಿಲ್ಲ. "ಬೋರ್ಡ್ ಹೋಗಿದೆ, ಬೇರೆ ತೆಗೆದುಕೊಳ್ಳಿ" ಎಂದರು ಅಂಗಡಿಯ ಯಜಮಾನ ಪರಮಾನಂದಣ್ಣ. ಬೋರ್ಡ್ ಸರಿ ಉಂಟು, ಅದನ್ನು ಶುರು ಮಾಡಿಸುವ ಬಯಾಸ್ ಪ್ರೋಗ್ರಾಮ್ ಹಳೆಯದಾದ್ದರಿಂದ ಅದಕ್ಕೆ ಹೊಸ ಪ್ರೊಸೆಸರಿನ ಗುರುತು ಸಿಗುತ್ತಿಲ್ಲ ಎಂದು ನಾನು ಗಿರಾಕಿಯೆದುರೇ ಹೇಳಿದೆ. "ಹಾಗಾದರೆ ನಾಳೆ ನಡೆಸಿ ತೋರಿಸು ಮಾರಾಯ, ಇಲ್ಲದಿದ್ದರೆ ಕೆಲಸಕ್ಕೆ ಬರಬೇಡ" ಎಂದಿದ್ದಾರೆ.

ಬಯಾಸ್ ಬದಲಿಸಲು ಮೊದಲು ಹಳೆಯ ಪ್ರೊಸೆಸರ್ ಹಾಕಿ ಬೋರ್ಡ್ ಶುರು ಮಾಡಬೇಕು. ಅಂಥದ್ದು ಅಂಗಡಿಯಲ್ಲಿಲ್ಲ, ನಾನು ಶಾಲೆ ಬಿಟ್ಟ ದಿನ ನೀವು ಸಿಟ್ಟಿನಲ್ಲಿ ಬಟ್ಟೆ ಹೊದೆಸಿಟ್ಟ ನಮ್ಮ ಮನೆಯ ಕಂಪ್ಯೂಟರಿನಲ್ಲಿದೆ. ಈ ಪತ್ರ ತಂದ ಬಸ್ ಕಂಡಕ್ಟರ್ ಕೈಯಲ್ಲೇ ಬೆಳಗ್ಗೆ ಆ ಸಿಪಿಯು ಪೆಟ್ಟಿಗೆ ಕಳುಹಿಸಿ. ಸಂಜೆ ಇದ್ದ ಹಾಗೆಯೇ ಹಿಂದಿರುಗಿಸುತ್ತೇನೆ.

ಅದು ಬಾರದಿದ್ದರೆ ನನ್ನ ಕೆಲಸ ಹೋಗುತ್ತದೆ, ಇನ್ನಂಜೆಗೆ, ಮನೆಗೆ ಬಂದು ಮತ್ತೆ ಶಾಲೆಗೆ ಸೇರಬೇಕಾಗುತ್ತದೆ. ನಿಮಗೆ ಬೇಕಾದದ್ದೂ ಅದೇ. ಅದನ್ನು ಹೇಳದೆ ಕೇಳಲು ಮನಸ್ಸಾಗಲಿಲ್ಲ.

ನಿಮ್ಮ
ಅಭಿರಾಮ