ಸೇವಾ ಬಾಗಿಲು

ಹನ್ನೊಂದನೇ ತಾರೀಖು, ಮಂಗಳವಾರ ರಾತ್ರಿ.

ತಂಗಿ, ನಿನ್ನ ಮಂಡಿನೋವು ಹೇಗಿದೆ? ಯಜಮಾನರ ಕೆಮ್ಮು ಇಳಿಯಿತೇ? ದಿನಚರಿಯಲ್ಲೂ ನಿನ್ನನ್ನೇ ಮಾತಾಡಿಸುವ ಚಾಳಿ ನನ್ನದು.

ನಾವು ಮುದುಕರೆಲ್ಲ ಸೇರಿ ಕಟ್ಟಿಸಿಕೊಳ್ಳುವ ಮನೆಯ ನಕ್ಷೆಯನ್ನು ಇಂದು ಇಂಜಿನಿಯರ್ ತಂದು ಹಾಸಿದ. ಎಲ್ಲರಿಗೂ ಒಂದೇ ಅಡುಗೆಮನೆ, ಮಳೆನೀರಿನ ತೊಟ್ಟಿ, ಎಲ್ಲ ಕೇಳಿದಂತೆಯೇ ಇತ್ತು. ಹಿಂಬದಿಯಲ್ಲಿ ಮಾತ್ರ ನಾವು ಕೇಳದ ಒಂದು ‘ಸೇವಾ ಬಾಗಿಲು’.

“ಯಾರ ಸೇವೆಗಪ್ಪಾ?” ಎಂದರು ನಮ್ಮ ಗುಂಪಿನ ದರ್ಜಿ ಅಕ್ಕ.

ಅವನು ಪೆನ್ಸಿಲ್ ತಿರುಗಿಸುತ್ತ, “ಯಾರಾದ್ರೂ ತೀರ್ಕೊಂಡಾಗ ಇಲ್ಲಿಂದ ಒಯ್ಯಬಹುದು. ಊಟಕ್ಕೆ ಕೂತವರ ಕಣ್ಣಿಗೆ ಬೀಳಲ್ಲ” ಎಂದ.

“ಕಸಾನೂ ಇಲ್ಲಿಂದ್ಲೇ ತಾನೆ?”

“ಹೌದಮ್ಮ.”

“ಸರಿ ಬಿಡು, ಒಂದೇ ಗಾಡಿ ಸಾಕು,” ಎಂದು ಅಕ್ಕ ನಕ್ಕರು. ಬೇರೆ ಯಾರೂ ನಗಲಿಲ್ಲ.

ಬಾಗಿಲು ಬೇಕೆನ್ನುವವರು ಕೈಯೆತ್ತಿ ಎಂದು ಅವನು ಹೇಳಿದಾಗ ಅಕ್ಕನನ್ನು ಬಿಟ್ಟು ಎಲ್ಲರೂ ಎತ್ತಿದೆವು. ನಾನೂ ಎತ್ತಿದೆ. ತಟ್ಟೆಯ ಮುಂದೆ ಕೂತು ಅದನ್ನು ನೋಡುವ ಧೈರ್ಯ ನನಗಿಲ್ಲ. ಆದರೆ ನನ್ನನ್ನು ಹೊತ್ತೊಯ್ಯುವಾಗ ಇವರೆಲ್ಲ ಗೊತ್ತೇ ಆಗದೆ ಉಣ್ಣುತ್ತಿರುತ್ತಾರಲ್ಲ ಎಂದು ನೆನೆದರೆ ಎತ್ತಿದ ಕೈ ಇಳಿಸಬೇಕಿತ್ತು ಎನಿಸುತ್ತದೆ. ಅಕ್ಕ ನನ್ನನ್ನು ಬಿಟ್ಟು ಒಬ್ಬರೇ ಹೊರಟರು.

ನಕ್ಷೆಗೆ ಸಹಿ ಬೀಳುವುದು ಮುಂದಿನ ವಾರ. ನಾಳೆ ಇದನ್ನೇ ಕಾಗದಕ್ಕೆ ಇಳಿಸಿ ನಿನಗೆ ಕಳಿಸುತ್ತೇನೆ. ನನ್ನನ್ನು ಒಯ್ಯುವ ದಿನ ನೀನು ಯಾವ ಬಾಗಿಲಲ್ಲಿ ನಿಂತಿರುತ್ತೀಯ? ಬೇಗ ಬರೆ.